ಗೋಡೆಯೊಳಗಿನ ಇಲಿ ಅವರದು

ಮೊನ್ನೆ ನಮ್ಮ ಹಿತ್ತಲಿನಲ್ಲಿ ಸುಣ್ಣ ಅರಳಿಸಿದರು. ಬಳಿಯಲು ಬಂದಿದ್ದ ಮುದುಕ, ನನ್ನ ಸೊಸೆ, ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತ ನಾನು, ಇಷ್ಟೇ ಜನ ಅಲ್ಲಿದ್ದದ್ದು. ಅವನು ಸುಣ್ಣದ ಹರಳುಗಳನ್ನು ಡಬ್ಬಿಗೆ ಸುರಿದು ಮೇಲೆ ನೀರು ಹಾಕಿದ. ಚಣಹೊತ್ತು ಏನೂ ಆಗಲಿಲ್ಲ. ಆಮೇಲೆ ಒಳಗಿಂದಲೇ ಕೊತಕೊತ ಕುದಿ ಶುರುವಾಯಿತು. ಬಿಸಿ ಹಬೆ, ಗಂಟಲು ಹಿಡಿಯುವ ಆ ವಾಸನೆ…

"ಅತ್ತೀ, ಒಳಗ ಬರ್ರಿ, ಕೆಮ್ಮು ಬರ್ತದ" ಎಂದು ಸೊಸೆ ಕರೆದಳು. ನಾನು ಏಳಲಿಲ್ಲ. ಆ ವಾಸನೆ ಬಂದರೆ ನನಗೆ ಪುಣೆಯ ಶನಿವಾರ ಪೇಠೆಯ ನಮ್ಮ ಹಳೆಯ ವಾಡೆ ನೆನಪಾಗುತ್ತದೆ. ವಾಡೆ ನೆನಪಾದ ಮೇಲೆ ಮಾಲಕೀಣಬಾಯಿ ನೆನಪಾಗದೆ ಇರುತ್ತಾರೆಯೇ?

ಮಾಲಕೀಣ ಎಂದರೆ ಮರಾಠಿಯಲ್ಲಿ ಮನೆಯ ಒಡತಿ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ತವರುಮನೆ ಬೆಳಗಾವಿಯ ಕಡೆಯದು, ಕೊಟ್ಟದ್ದು ಪುಣೆಗೆ. ಗಂಡ ಚಿಕ್ಕ ವಯಸ್ಸಿನಲ್ಲೇ ಹೋದರು, ಮಕ್ಕಳಿರಲಿಲ್ಲ. ಉಳಿದದ್ದು ಎರಡು ಅಂತಸ್ತಿನ ಆ ವಾಡೆ ಮತ್ತು ಅದರೊಳಗಿನ ಏಳೆಂಟು ಬಿಡಾರ. ಅರ್ಧ ಬಿಡಾರ ನಮ್ಮ ಧಾರವಾಡ, ಗದಗಿನ ಕಡೆಯವರದು, ಅರ್ಧ ಮರಾಠಿಯವರದು. ನಾನು ಮದುವೆಯಾಗಿ ಅಲ್ಲಿಗೆ ಬಂದಾಗ ಹದಿನಾರು ವರ್ಷದವಳು. ನಮ್ಮವರು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ಮದುವೆಯ ವಯಸ್ಸಿಗೆ ಬಂದ ಒಬ್ಬಳು ನಾದಿನಿ. ಕತ್ತಲೆಯ ಅಡಿಗೆಮನೆ, ಅದರ ಹಿಂದೆ ಕಾಳುಕಡಿ ಇಡುವ ಇನ್ನೂ ಕತ್ತಲೆಯ ಕೋಣೆ, ಮುಂದೆ ಒಂದು ಪಡಸಾಲೆ. ಇಷ್ಟರಲ್ಲಿ ನಮ್ಮ ಸಂಸಾರ.

ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಮಾಲಕೀಣಬಾಯಿ ವಾಡೆ ಸುತ್ತಲು ಹೊರಡುತ್ತಿದ್ದರು. ಆಗಿನ ವಿಧವೆಯರು ಉಡುತ್ತಿದ್ದ ಕೆಂಪು ಸೀರೆ, ತಲೆತುಂಬ ಹೊದ್ದ ಸೆರಗು, ಎಡಗೈಯಲ್ಲಿ ಸುಣ್ಣದ ಗಾರೆ ತುಂಬಿದ ಹಳೆಯ ಪಾತ್ರೆ, ಬಲಗೈಯಲ್ಲಿ ಗಾರೆ ಮೆತ್ತಲು ಗೌಂಡಿಗಳು ಹಿಡಿಯುವ ಕರಣಿ. ಕೆಂಪು ಸೀರೆಯ ಹೆಂಗಸು ಗೌಂಡಿಯ ಕೆಲಸ ಮಾಡುವುದೆಂದರೇನು ಎಂದು ಓಣಿಯಲ್ಲಿ ಮಾತಾಡಿಕೊಳ್ಳುವವರು ಇದ್ದೇ ಇದ್ದರು. ಮಾಲಕೀಣಬಾಯಿ ಅದನ್ನು ಕಿವಿಗೆ ಹಾಕಿಕೊಂಡವರಲ್ಲ. ಹಂಚು ಸರಿದಿದೆ, ಅಗಳಿ ಬೀಳುತ್ತಿಲ್ಲ, ಬಚ್ಚಲ ನೀರು ನಿಂತಿದೆ, ಜಂತಿಯಿಂದ ಹುಡಿ ಉದುರುತ್ತಿದೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು.

"ಮಾತು ಆಮ್ಯಾಲ. ಮೊದಲ ಜಾಗಾ ತೋರಸು."

ಜಾಗ ನೋಡದೆ ಒಂದು ತಕರಾರನ್ನೂ ಅವರು ಕೇಳುತ್ತಿರಲಿಲ್ಲ. ಜಾಗಕ್ಕೆ ಬಂದವರು ಕುಕ್ಕರುಗಾಲಿನಲ್ಲಿ ಕೂತು, ಗೋಡೆಗೆ ಅಂಗೈ ಹಚ್ಚಿ, ಒಂದೆರಡು ನಿಮಿಷ ಸುಮ್ಮನಿರುತ್ತಿದ್ದರು. ವೈದ್ಯರು ನಾಡಿ ಹಿಡಿದಂತೆ. ಆಮೇಲೆ, "ಹಾಂ, ಈಗ ಹೇಳು."

ಅವರದೊಂದು ಕಾಯಿದೆ ಇತ್ತು. ಅದು ನಮ್ಮ ವಾಡೆಯಲ್ಲಿ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಬಾಡಿಗೆಯವರು ಬಾಡಿಗೆ ಕೊಡುವುದು ನಾಲ್ಕು ಗೋಡೆಗಳ ನಡುವಿನ ಜಾಗಕ್ಕೆ. ಗೋಡೆ, ಕಂಬ, ಜಂತಿ, ಹಂಚು ಒಡತಿಯವು. ಆದ್ದರಿಂದ ಗೋಡೆಯೊಳಗೆ, ಕಂಬದೊಳಗೆ ಏನಿದ್ದರೂ ಅದೂ ಒಡತಿಯದೇ. ಹೊರಗೆ ಬಿದ್ದದ್ದು ಬಾಡಿಗೆಯವರದು. ನಾನು ಬಂದ ಹೊಸದರಲ್ಲಿ ಮಾಳಿಗೆಯ ಮೇಲಿನ ಬಿಡಾರದ ಮಾಸ್ತರರು ತಿಗಣೆಯ ಕಾಟದ ಬಗ್ಗೆ ಗಲಾಟೆ ಎಬ್ಬಿಸಿದರು. ಮಾಲಕೀಣಬಾಯಿ ಸಣ್ಣ ಮೂತಿಯ ಕೆಟಲಿಯಲ್ಲಿ ಕುದಿಯುವ ನೀರು ತಂದು ಕಂಬದ ಬಿರುಕುಗಳಿಗೆಲ್ಲ ಹುಯ್ದು, ಮೇಲೆ ಗಾರೆ ಮೆತ್ತಿ, ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು.

"ಕಂಬದಾಗಿನ ತಗಣಿ ನನ್ನವು, ಅವನ್ನ ನಾ ನೋಡಿಕೊಂಡೆ. ಹಾಸಿಗಿಯಾಗಿನವು ನಿಮ್ಮವು ಮಾಸ್ತರ. ಹಾಸಿಗಿ ಬಿಸಲಿಗೆ ಹಾಕ್ರಿ."

ಮಾಸ್ತರರಿಗೆ ವಾದವೆಂದರೆ ಹಬ್ಬ. "ಬಾಯಾರ, ಕಂಬದಾಗಿಂದ ಇಳದು ಹಾಸಿಗಿಗೆ ಬಂದಿರ್ತಾವಲ್ಲ, ಅವು ಯಾರವು?"

"ರಾತ್ರಿ ನಿಮ್ಮ ಮನಿಗೆ ಬಂದ ಪಾಹುಣ್ಯಾರು. ಮುಂಜಾನಿ ತಿರುಗಿ ಕಂಬಕ್ಕ ಬಂದ್ರ ನಮ್ಮ ಮನಿಯವರು."

ಬಾವಿಯ ಕಟ್ಟೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮಾಸ್ತರರು ಹಾಸಿಗೆಯನ್ನು ತಾವೇ ಹೊತ್ತುಕೊಂಡು ಅಂಗಳಕ್ಕೆ ಇಳಿದರು.

ಆಗ ಪ್ಲೇಗು ಬರುತ್ತ ಹೋಗುತ್ತ ಇದ್ದ ಕಾಲ. ಒಂದು ವರ್ಷ ಸುಮ್ಮನಿದ್ದರೆ ಇನ್ನೊಂದು ವರ್ಷ ಯಾವುದೋ ಓಣಿಯಲ್ಲಿ ತಲೆ ಎತ್ತುತ್ತಿತ್ತು. ಅದರ ಸುಳಿವು ಕೊಡುವುದು ಇಲಿ. ಮನೆಯ ನಡುವೆ, ಹಾಡಹಗಲಲ್ಲಿ, ಯಾರೂ ಹೊಡೆಯದೆ ಇಲಿ ತಾನಾಗಿ ಬಂದು ಸತ್ತು ಬೀಳುತ್ತಿತ್ತು. "ಇಲಿ ಬಿತ್ತು" ಎಂದರೆ ಮುಗಿಯಿತು, ಮನೆಮಂದಿ ಗಂಟುಮೂಟೆ ಕಟ್ಟಿಕೊಂಡು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ಇಲಿ ಬಿದ್ದ ಮನೆಗೆ ನೆಂಟರು ಬರುವುದಿಲ್ಲ, ಆ ಮನೆಯ ನೀರು ಯಾರೂ ಮುಟ್ಟುವುದಿಲ್ಲ.

ಆ ವರ್ಷ ಮಾಘಮಾಸದಲ್ಲಿ ನಾದಿನಿಯ ಮದುವೆ ಗೊತ್ತಾಗಿತ್ತು. ಹಿಂದೆ ಒಂದು ಸಂಬಂಧ ನಿಶ್ಚಯವಾಗಿ ತಪ್ಪಿಹೋಗಿ, ಹುಡುಗಿ ಎರಡು ತಿಂಗಳು ಯಾರಿಗೂ ಮುಖ ತೋರಿಸಿರಲಿಲ್ಲ. ಈ ಸಲ ವರನ ಕಡೆಯವರು ಕಸಬಾ ಪೇಠೆಯವರು, ಮೂಲ ವಿಜಾಪುರದ ಕಡೆಯವರು, ಒಳ್ಳೆಯ ಜನ. ಮದುವೆ ನಮ್ಮ ವಾಡೆಯ ಅಂಗಳದಲ್ಲೇ. ಹಪ್ಪಳ ಒಣಗಿದ್ದವು, ಅಕ್ಕಿ ಹಸನಾಗಿತ್ತು, ಅತ್ತೆ ಮೊದಲ ಸಲ ನನ್ನ ಜೊತೆ ನಕ್ಕು ಮಾತಾಡತೊಡಗಿದ್ದರು…

ಮದುವೆಗೆ ಇನ್ನು ಹತ್ತು ದಿನ. ಮಂಗಳವಾರ ಬೆಳಿಗ್ಗೆ ಜೋಳ ತರಲು ಹಿಂದಿನ ಕೋಣೆಗೆ ಹೋದೆ. ನೆಲದ ನಡುವೆ ಅದು ಬಿದ್ದಿತ್ತು. ಗಾಯವಿಲ್ಲ, ರಕ್ತವಿಲ್ಲ. ಹೊಟ್ಟೆ ಉಬ್ಬಿತ್ತು. ಸಣ್ಣವಳಿದ್ದಾಗ ಧಾರವಾಡದಲ್ಲಿ ಇಂಥದ್ದೇ ಒಂದು ಇಲಿಯಿಂದ ನಮ್ಮ ಓಣಿ ಓಣಿಯೇ ಬರಿದಾದದ್ದನ್ನು ನಾನು ನೋಡಿದ್ದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಗೊತ್ತಿದ್ದೇ ಮಾಡಿದೆ. ಹೇಳಿದರೆ ಮದುವೆ ನಿಲ್ಲುತ್ತದೆ. ಎರಡನೆಯ ಸಲ ಮದುವೆ ನಿಂತ ಹುಡುಗಿಯನ್ನು ಯಾರು ಕೇಳುತ್ತಾರೆ? ಹೊಸ ಸೊಸೆ ಬಂದಳು, ಇಲಿ ಬಿತ್ತು ಎಂದು ನನ್ನ ಕಾಲ್ಗುಣ ಎಣಿಸುವವರು ಬೇರೆ. ಹರಿದ ಮೊರದ ಮೇಲೆ ಪೊರಕೆಯಿಂದ ಅದನ್ನು ತಳ್ಳಿ, ಮೇಲೆ ಬೂದಿ ಸುರುವಿ, ಹಿತ್ತಲ ಗೋಡೆಯಾಚೆ ತಿಪ್ಪೆಗೆ ಎಸೆದೆ. ಬಿದ್ದ ಜಾಗವನ್ನು ಸೆಗಣಿಯಿಂದ ಸಾರಿಸಿದೆ. ಅತ್ತೆ, ನಾದಿನಿ ಸೀರೆ ಅಂಗಡಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ.

ಒಂದು ದಿನ ತಡೆದೆ. ಬುಧವಾರ ತಡೆಯಲಾಗಲಿಲ್ಲ. ಮತ್ತೆ ಬಿದ್ದರೆ? ಅದು ಬಂದದ್ದು ಎಲ್ಲಿಂದ? ಹುಡುಕಿದರೆ ಜೋಳದ ಡಬ್ಬಿಯ ಹಿಂದೆ ಗೋಡೆಯಲ್ಲಿ ಮುಷ್ಟಿಯಷ್ಟು ದೊಡ್ಡ ತೂತು. ಅದನ್ನು ಮುಚ್ಚಿಸಿಬಿಟ್ಟರೆ ಸಾಕು, ಇಲಿಯ ಮಾತೇ ಬೇಡ ಎಂದು ನನ್ನ ಬುದ್ಧಿ ಹೇಳಿತು. ಎಷ್ಟು ಜಾಣ ಬುದ್ಧಿ ನೋಡಿ! ಮಾಲಕೀಣಬಾಯಿ ಸುತ್ತು ಬಂದಾಗ ಏನೂ ಆಗದವಳಂತೆ ಹೇಳಿದೆ.

"ಬಾಯಾರ, ಹಿಂದಿನ ಕೋಲ್ಯಾಗ ಒಂದು ಸಣ್ಣ ತೂತು ಬಿದ್ದದರಿ. ಒಂದೀಟ ಗಾರಿ ಹಚ್ಚತೀರೇನು?"

ಅವರು ಬಂದರು. ಕುಕ್ಕರುಗಾಲಿನಲ್ಲಿ ಕೂತರು. ತೂತಿನ ಕಡೆ ಒಂದು ಸಲ ನೋಡಿದರು, ಅಷ್ಟೇ. ಆಮೇಲೆ ಅವರ ಕಣ್ಣು ನೆಲಕ್ಕೆ ಇಳಿಯಿತು. ಅಂಗೈಯನ್ನು ಗೋಡೆಗಲ್ಲ, ನೆಲಕ್ಕೆ ಹಚ್ಚಿದರು.

"ನಿಮ್ಮ ಮನ್ಯಾಗ ಸಾರಸೂದು ಶುಕ್ರವಾರ ಅಲ್ಲೇನು, ತಂಗಿ?"

"ಹೌದ್ರಿ."

"ಮತ್ತ ಕೋಲಿ ಎಲ್ಲಾ ಬಿಟ್ಟು ಇಷ್ಟ ಗೇಣು ಜಾಗಾ ನಡುವ ಯಾಕ ಸಾರಿಸಿದಿ?"

ನಾನು ಏನೋ ಚೆಲ್ಲಿತು ಅಂದೆ. ಅವರು ಏನು ಚೆಲ್ಲಿತು ಎಂದು ಕೇಳಲಿಲ್ಲ. ಕರಣಿಯನ್ನು ನೆಲಕ್ಕಿಟ್ಟು ನನ್ನ ಮುಖ ನೋಡಿದರು.

"ಎಷ್ಟು ಬಿದ್ದಾವ?"

ನನಗೆ ಅಳು ಬಂದುಬಿಟ್ಟಿತು. ಒಂದು, ನಿನ್ನೆ, ತಿಪ್ಪೆಗೆ ಒಗೆದೆ, ಮದುವೆ, ಅತ್ತೆ, ನನ್ನ ಕಾಲ್ಗುಣ… ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಬೈದರೆ ಹಗುರವಾದರೂ ಆಗುತ್ತಿತ್ತು. ಅವರು ಬೈಯಲಿಲ್ಲ. ಕೈ ಮುಟ್ಟಿದೆಯಾ, ಜ್ವರವಿದೆಯಾ, ತೊಡೆಯ ಸಂದಿನಲ್ಲಿ ನೋವಿದೆಯಾ ಎಂದು ಮೂರು ಮಾತು ಕೇಳಿದರು. ಇಲ್ಲ ಎಂದ ಮೇಲೆ ಸೀಮೆಎಣ್ಣೆಯ ಬಾಟಲಿ, ಒಲೆಯ ಇಕ್ಕಳ ಇಸಿದುಕೊಂಡು ತಾವೇ ಹಿತ್ತಲಿಗೆ ಹೋಗಿ, ತಿಪ್ಪೆಯಲ್ಲಿ ಹುಡುಕಿ ತೆಗೆದು, ಸುಟ್ಟು ಬಂದರು. ಕೈಕಾಲು ತೊಳೆದುಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಕೂತರು.

"ಎಲ್ಲಿಂದ ಬಂತು ಅದು?"

"ಗ್ವಾಡಿಯೊಳಗಿಂದರಿ."

"ಗ್ವಾಡಿ ಯಾರದು?"

"ನಿಮ್ಮದರಿ."

"ಗ್ವಾಡಿ ನಂದು. ಅದರಾಗಿನ ಇಲಿನೂ ನಂದ. ನಿನ್ನ ಕಾಲ್ಗುಣಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ನಿನ್ನ ಅತ್ತಿ ಮುಂದ ಬಾಯಿ ಬಿಡಬ್ಯಾಡ, ಮಗಳ ಲಗ್ನದ ಹೊತ್ತಿನಾಗ ಆಕೀಗೆ ಇದೊಂದು ಬ್ಯಾಡ. ಆದರ ತಂಗಿ, ಒಂದ ಮಾತು. ಅದು ಬಿದ್ದದ್ದು ನಿನ್ನೆ ಮುಂಜಾನಿ. ನೀ ಹೇಳಿದ್ದು ಇವತ್ತು. ಒಂದು ದಿನ ಎಂಟು ಮನಿ ಮಕ್ಕಳು ಈ ಅಂಗಳದಾಗ ಆಡ್ಯಾವ."

ಇಷ್ಟೇ ಅಂದದ್ದು. ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಹತ್ತು ನಿಮಿಷದೊಳಗೆ ಅವರು ಅಂಗಳದ ನಡುವೆ ನಿಂತಿದ್ದರು. ಮೊದಲು ಮರಾಠಿಯಲ್ಲಿ ಕೂಗಿ ಹೇಳಿದರು, ಆಮೇಲೆ ಕನ್ನಡದಲ್ಲಿ. "ಎಲ್ಲಾರೂ ಕೇಳ್ರಿ. ನನ್ನ ಇಲಿ ಬಿದ್ದದ. ಸಂಜಿ ಒಳಗ ವಾಡೆ ಖಾಲಿ ಆಗಬೇಕು." ಪೂಜೆ ಮುಗಿಸಿ ಬಂದವರಲ್ಲವೇ, ನನ್ನ ಇಲಿ ಎಂದರೆ ಅವರ ಮನೆಯಲ್ಲಿ, ಅವರ ದೇವರ ಕೋಣೆಯಲ್ಲಿ ಬಿತ್ತೆಂದೇ ಎಲ್ಲರೂ ತಿಳಿದರು. ಅವರು ತಿದ್ದಲಿಲ್ಲ.

ಮಾಳಿಗೆಯಿಂದ ಮಾಸ್ತರರ ತಲೆ ಹೊರಬಂತು. "ಬಾಯಾರ, ತಗಣಿದು ಪಾಲು ಮಾಡಿದ್ರಿ. ಇಲಿದು ಹ್ಯಾಂಗ?"

"ಇಲಿ ಪೂರಾ ನನ್ನವು ಮಾಸ್ತರ. ನಿಮ್ಮವು ನಿಮ್ಮ ಮಕ್ಕಳು. ಅವರನ್ನ ಕರಕೊಂಡು ಕೆಳಗ ಇಳೀರಿ."

ಮಾಸ್ತರರು ಆ ದಿನ ವಾದ ಮಾಡಲಿಲ್ಲ.

ನಮ್ಮ ಅತ್ತೆ ಮಾತ್ರ ಬಾವಿಯ ಕಟ್ಟೆಗೆ ಒರಗಿ ನಿಂತೇ ಇದ್ದರು. ಮುಖ ಬೂದಿಯಾಗಿತ್ತು. "ಲಗ್ನ?" ಎಂದು ಒಂದೇ ಮಾತು ಕೇಳಿದರು. ನಾದಿನಿ ಬಾಗಿಲ ಹಿಂದಿನಿಂದ ಅದನ್ನು ಕೇಳಿಸಿಕೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

"ಅದಕ್ಕೂ ನಾನ ಹೋಗತೇನಿ" ಎಂದರು ಮಾಲಕೀಣಬಾಯಿ. "ನನ್ನ ಇಲಿಯಿಂದ ಆದ ತೊಂದರಿ, ನಾನ ಹೇಳಬೇಕು."

ಕೆಂಪು ಸೀರೆಯ ಹೆಂಗಸು ಮದುವೆಯ ಮಾತಿಗೆ ವರನ ಮನೆಗೆ ಹೋಗುವುದೆಂದರೆ ಆ ಕಾಲಕ್ಕೆ ಏನೆಂದು ಈಗಿನವರಿಗೆ ಹೇಗೆ ಹೇಳಲಿ? ದಾರಿಯಲ್ಲಿ ಎದುರಾದರೇ ಜನ ನಿಂತು, ಮರಳಿ ಮನೆಗೆ ಹೋಗಿ, ನೀರು ಕುಡಿದು ಹೊರಡುತ್ತಿದ್ದರು. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮವರನ್ನು ಜೊತೆಗೆ ಕರೆದುಕೊಂಡು ಕಸಬಾ ಪೇಠೆಗೆ ನಡೆದರು. ಅಲ್ಲಿ ನಡೆದದ್ದನ್ನು ನಮ್ಮವರು ಸಂಜೆ ಬಂದು ನನಗೆ ಹೇಳಿದರು.

ಅವರು ಹೊಸ್ತಿಲು ದಾಟಲಿಲ್ಲವಂತೆ. ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ ನಿಂತು ಬೀಗರನ್ನು ಹೊರಗೆ ಕರೆಸಿದರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ವಾಡೆಯಲ್ಲಿ ಇಲಿ ಬಿದ್ದಿದೆ, ಎಲ್ಲರೂ ಹೊರಗೆ ಹೋಗುತ್ತಿದ್ದೇವೆ, ಸ್ವಾರಗೇಟಿನ ಆಚೆ ನನ್ನದೊಂದು ಪೇರಲ ತೋಟವಿದೆ, ಹುಡುಗಿಯೂ ಮನೆಯವರೂ ಒಂಬತ್ತು ದಿನ ಅಲ್ಲಿರುತ್ತಾರೆ, ಯಾರಿಗೂ ಏನೂ ಆಗದಿದ್ದರೆ ಮದುವೆ ಅಲ್ಲೇ ಮಾಡೋಣ. ಬೀಗರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಮುಂದಿನ ವರ್ಷ ನೋಡೂಣಲ್ರಿ" ಎಂದರು.

"ಮುಂದಿನ ವರ್ಷ ಇಲಿ ಬೀಳೂದಿಲ್ಲಂತ ಬರದು ಕೊಡತೀರೇನು?"

ಬೀಗರು ಒಳಬಾಗಿಲ ಕಡೆ ತಿರುಗಿ ನೋಡಿದರು.

"ನಾವು ಮುಚ್ಚಿಟ್ಟು ನಿಮ್ಮನ್ನ ಕರೆಸಿ, ಆ ಅಂಗಳದಾಗ ಎಲಿ ಹಾಕಿ ಉಣಸಬಹುದಿತ್ತು. ಇವರು ಹಂಗ ಮಾಡಲಿಲ್ಲ. ಇದ್ದದ್ದು ಹೇಳಿ ಕಳಿಸೋ ಮನಿ ಹುಡುಗಿ ಬ್ಯಾಡಂದ್ರ, ಇನ್ನೆಂಥಾ ಮನಿ ಹುಡುಗೀನ ಹುಡುಕತೀರಿ?"

ನಮ್ಮವರು ಹೆಮ್ಮೆಯಿಂದ ಇದನ್ನು ಹೇಳುತ್ತಿದ್ದರೆ ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಮುಚ್ಚಿಟ್ಟವಳು ನಾನು. ಮನೆಯ ಹೆಸರು ಉಳಿಸಿದವರು ಅವರು. ಒಳಗಿನಿಂದ ಬೀಗಿತಿ ಬಂದು ಅಂದರಂತೆ: "ಬಿಸಲಾಗ ಯಾಕ ನಿಂತೀರಿ ಬಾಯಾರ, ಮ್ಯಾಲ ಬಂದು ಕೂಡ್ರಿ." ಆ ಮಾತಿನಲ್ಲೇ ಮದುವೆ ನಿಶ್ಚಯವಾದ ಹಾಗಾಯಿತು. ಮಾಲಕೀಣಬಾಯಿ ಮಾತ್ರ ಮೇಲೆ ಹೋಗದೆ ಅಲ್ಲಿಂದಲೇ ಕೈ ಮುಗಿದು ಹಿಂದಿರುಗಿದರು.

ಆಗ ಸ್ವಾರಗೇಟಿನ ಆಚೆ ಬರೀ ಹೊಲ, ತೋಟ. ಪೇರಲ ಗಿಡಗಳ ನಡುವೆ ಸಾಲಾಗಿ ಗುಡಿಸಲುಗಳೆದ್ದವು. ಎಂಟು ಬಿಡಾರದವರು ಅಲ್ಲಿಯೂ ವಾಡೆಯಲ್ಲಿದ್ದ ಕ್ರಮದಲ್ಲೇ ಇಳಿದುಕೊಂಡೆವು, ಮಾಸ್ತರರಿಗೆ ಮಾತ್ರ ಮಾಳಿಗೆ ಸಿಗಲಿಲ್ಲ. ಎರಡನೆಯ ದಿನವೇ ಅವರು ತಕರಾರು ಹಿಡಿದು ಬಂದರು.

"ಬಾಯಾರ, ಗುಡಸಲದಾಗ ಇರುವಿ ಭಾಳ ಆಗ್ಯಾವ. ಬೆಲ್ಲದ ಡಬ್ಬಿ ತುಂಬ ಅವ. ಇವು ಯಾರವು?"

"ಇಲ್ಲೆ ಗ್ವಾಡೀನ ಇಲ್ಲಲ್ಲ ಮಾಸ್ತರ. ಹಂಗಾಗಿ ಎಲ್ಲಾ ನಿಮ್ಮವ."

ನಾನು ಮಾತ್ರ ಆ ಒಂಬತ್ತು ದಿನ ನಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಯಾರಿಗೂ ಕಾಣದಂತೆ ನಾದಿನಿಯ ಹಣೆ ಮುಟ್ಟಿ ನೋಡುತ್ತಿದ್ದೆ. ಆಮೇಲೆ ಉಳಿದ ಗುಡಿಸಲುಗಳ ಮುಂದೆ ಹಾದು, ಅಂಗಳದ ಮಕ್ಕಳನ್ನೆಲ್ಲ ಎಣಿಸುತ್ತಿದ್ದೆ. ಎಲ್ಲರೂ ಎದ್ದು ಓಡಾಡುತ್ತಿದ್ದಾರೆಯೇ, ಯಾವುದಾದರೂ ಕೂಸು ಮುಸುಕು ಹೊದ್ದು ಮಲಗಿದೆಯೇ… ನಾಲ್ಕನೆಯ ದಿನ ಮಾಸ್ತರರ ಕಿರಿಯ ಮಗನ ಮೈ ಬಿಸಿಯಾಯಿತು. ಮಾಲಕೀಣಬಾಯಿ ಅವನ ಪಕ್ಕದಲ್ಲಿ ಎರಡು ದಿನ ಕೂತರು. ನಾನು ದೂರದಲ್ಲಿ ನಿಂತದ್ದನ್ನು ಕಂಡು ಒಮ್ಮೆ ಸುಮ್ಮನೆ ತಲೆಯಾಡಿಸಿದರು, ಹೆದರಬೇಡ ಎಂಬಂತೆ. ಅದು ಬರೀ ನೆಗಡಿಯ ಜ್ವರ. ಮೂರನೆಯ ದಿನ ಹುಡುಗ ಪೇರಲ ಗಿಡ ಏರಿ ಕೂತಿದ್ದ.

ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಪೇರಲ ತೋಟದಲ್ಲಿ ಹಂದರ ಹಾಕಿ ಮದುವೆಯಾಯಿತು. ವರನ ಕಡೆಯವರು ಟಾಂಗಾಗಳಲ್ಲಿ ಬಂದು, ಗಿಡದ ನೆರಳಿನಲ್ಲಿ ಊಟ ಮಾಡಿ, ಇಂಥ ಗಾಳಿ ಊರೊಳಗೆ ಎಲ್ಲಿ ಎಂದು ಹೊಗಳಿಕೊಂಡು ಹೋದರು. ಅಕ್ಷತೆಯ ಹೊತ್ತಿಗೆ ಮಾಲಕೀಣಬಾಯಿ ಹಂದರದ ಹತ್ತಿರ ಇರಲಿಲ್ಲ. ತೋಟದ ಬಾವಿಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಕೂತಿದ್ದರು. ಬೀಗಿತಿ ಮದುಮಗಳನ್ನು ಕರೆದುಕೊಂಡು ಅಲ್ಲಿಗೇ ಹೋಗಿ ಕಾಲಿಗೆ ಬೀಳಿಸಿದರು. ಕೆಲವರು ಗೊಣಗಿದರು. ಬೀಗಿತಿ ಹಿಂದೆ ತಿರುಗಿ ನೋಡಲಿಲ್ಲ.

ಆ ವರ್ಷ ನಮ್ಮ ಓಣಿಯಲ್ಲಿ ಹೆಣಗಳು ಹೊರಬಿದ್ದವು. ಎದುರಿನ ಮನೆಯಲ್ಲಿ ಒಬ್ಬರಲ್ಲ, ತಾಯಿ ಮಗ ಇಬ್ಬರೂ ಹೋದರು. ನಮ್ಮ ವಾಡೆಗೆ ಮರಳಿ ಬಂದಾಗ ಎಂಟು ಬಿಡಾರದ ಒಂದು ತಲೆಯೂ ಕಡಿಮೆಯಿರಲಿಲ್ಲ. ಬಿಸಿಲು ಒಳಗೆ ಬೀಳಲೆಂದು ತೆಗೆಸಿದ್ದ ಹಂಚುಗಳನ್ನು ಮಾಲಕೀಣಬಾಯಿ ಮತ್ತೆ ಹೊದಿಸಿದ್ದರು. ನಮ್ಮ ಹಿಂದಿನ ಕೋಣೆಯ ತೂತನ್ನು ಒಡೆದ ಗಾಜಿನ ಚೂರು ಬೆರೆಸಿದ ಗಾರೆಯಿಂದ ತಾವೇ ಮುಚ್ಚಿದ್ದರು. ದೇವರ ಕೋಣೆಯಲ್ಲಿ ಇಲಿ ಬಿದ್ದ ಮನೆ ಎಂದು ಅವರ ಮನೆಗೆ ಒಂದು ವರ್ಷ ಯಾರೂ ಪ್ರಸಾದಕ್ಕೆ ಬರಲಿಲ್ಲ. ಅದನ್ನೂ ಅವರು ಹಾಗೆಯೇ ನುಂಗಿಕೊಂಡರು. ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲು ಎರಡು ಸಲ ಹೊರಟೆ, ಎರಡೂ ಸಲ ಅವರು ಕಣ್ಣಿನಿಂದಲೇ ತಡೆದರು.

ಈಗ ಆ ವಾಡೆ ಇಲ್ಲ. ಅದರ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಒಡೆಯ ಯಾರೆಂದು ಅಲ್ಲಿರುವವರಿಗೇ ಗೊತ್ತಿಲ್ಲ. ಪೇರಲ ತೋಟ ಎಲ್ಲಿತ್ತೆಂದು ನನಗೂ ಗುರುತು ಹತ್ತುವುದಿಲ್ಲ. ಅತ್ತೆ ಹೋದರು, ನಮ್ಮವರು ಹೋದರು, ಹೋದ ವರ್ಷ ನಾದಿನಿಯೂ ಹೋದಳು, ತನ್ನ ಮದುವೆ ತೋಟದಲ್ಲಿ ಯಾಕಾಯಿತೆಂದು ಪೂರ್ತಿ ತಿಳಿಯದೆಯೇ. ಇನ್ನು ಇದನ್ನು ಬಲ್ಲವಳು ನಾನೊಬ್ಬಳು.

ಮಾಲಕೀಣಬಾಯಿ ತೀರಿಕೊಂಡದ್ದು ಆ ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಶ್ರಾವಣದಲ್ಲಿ, ನಾಲ್ಕು ದಿನದ ಜ್ವರದಿಂದ. ಬಾರಾಮತಿಯಿಂದ ಬಂದ ಅವರ ಮೈದುನನ ಮಗ ಎಲ್ಲ ಮಾಡಿದ. ಗಂಡಸರು ಹೊತ್ತುಕೊಂಡು ಹೋದ ಮೇಲೆ ಅಂಗಳದಲ್ಲಿ ನಾನೂ ಅತ್ತೆಯೂ ಉಳಿದೆವು. ಇನ್ನು ನನ್ನ ಪರವಾಗಿ ಅದನ್ನು ಹೊರುವವರು ಯಾರೂ ಇಲ್ಲವೆನ್ನಿಸಿ, ಅತ್ತೆಯ ಮುಂದೆ ಕೂತು ಹೇಳಿಬಿಟ್ಟೆ.

"ಅತ್ತೀ, ಇಲಿ ಅವರ ಮನ್ಯಾಗ ಬಿದ್ದಿದ್ದಿಲ್ಲರಿ. ನಮ್ಮ ಹಿಂದಿನ ಕೋಲ್ಯಾಗ ಬಿದ್ದಿತ್ತು. ನಾನ ಒಗದಿದ್ದೆ."

ಅತ್ತೆ ನನ್ನ ಕಡೆ ನೋಡದೆಯೇ ಅಂದರು: "ನೀ ಒಗದದ್ದು ಎರಡನೇದು. ಮೊದಲನೇದು ಸೋಮವಾರ ಬಿದ್ದಿತ್ತು. ಅದನ್ನ ನಾ ಒಗದಿದ್ದೆ. ಲಗ್ನ ಆದ ಮ್ಯಾಲ ತೋಟದಾಗ ಅವರ ಮುಂದ ಅತ್ತು ಹೇಳಿದೆ. ಸೊಸಿ ಮುಂದ ಹೇಳಬ್ಯಾಡ್ರಿ, ಸಣ್ಣ ಹುಡುಗಿ, ಹೆದರತಾಳ ಅಂದ್ರು."

ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆವು ನಾವಿಬ್ಬರೂ…

ಅತ್ತೆ ಗೋಡೆ ಹಿಡಿದು ಎದ್ದರು. ನಾನೂ ಎದ್ದೆ. ಬಾವಿಯ ಕಟ್ಟೆಗೆ ಹೋಗಿ, ಸ್ವಂತದವರು ಹೋದಾಗ ಮಾಡುವಂತೆ, ಒಬ್ಬರಿಗೊಬ್ಬರು ನೀರು ಸೇದಿ ತಲೆಯ ಮೇಲೆ ಹಾಕಿದೆವು.